ನಿಂಗರಾಜನ ಬದುವಿನ ಬೆರಕೆ ಸೊಪ್ಪು

ನಿಂಗರಾಜ ತನ್ನ ಬದುವಿನ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾನೆ ಎಂದು ಸೊಪ್ಪಿಗೆ ಹೋಗಿದ್ದ ಸೊಸೆ ರಾಣಿ ಬರಿಗೈಯಲ್ಲಿ ಬಂದು ಹೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ಹುಣಸೂರಿನ ಗುರುಪುರದ ಕಡೆ ಕಳೆ ಸಾಯುವ ಔಷಧಿಗೆ ಎಣ್ಣೆ ಎನ್ನುತ್ತಾರೆ. ಎಣ್ಣೆ ಹೊಡೆದ ಜಾಗಕ್ಕೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು. ಅದು ಕಂಡರೆ ಯಾರೂ ದನ ಬಿಡುವುದಿಲ್ಲ, ಸೊಪ್ಪು ಮುಟ್ಟುವುದಿಲ್ಲ. ಊರಿನ ಬದುಗಳೆಲ್ಲ ಹೀಗೆ ಎಣ್ಣೆ ಕುಡಿದು ಬೋಳಾದ ಮೇಲೆ ಅಣ್ಣೆ, ಗಣಿಕೆ, ಹೊನಗನ್ನೆ ಎಲ್ಲವೂ ಒಟ್ಟಿಗೆ ಸಿಗುತ್ತಿದ್ದದ್ದು ನಿಂಗರಾಜನ ಬದುವಿನಲ್ಲಿ ಮಾತ್ರ. ಅದೂ ಹೋದರೆ ನಮ್ಮ ಬೀದಿಯ ಹದಿನಾಲ್ಕು ಮನೆಗೂ ಬೆರಕೆ ಸೊಪ್ಪಿನ ಸಾರು ಮುಗಿದ ಹಾಗೆಯೇ.

ಹಿಂದಿನ ವಾರವಷ್ಟೇ, ನಾವು ಬೀದಿಯ ಹೆಂಗಸರೆಲ್ಲ ಬದುವಿನಲ್ಲಿದ್ದಾಗ, ಅವನು ಜಗಳ ತೆಗೆದಿದ್ದ.

"ಭದ್ರಕ್ಕ, ನನ್ನ ಸೊಪ್ಪು ತುಳೀತಾ ಇದ್ದೀರಿ ಕಣಕ್ಕ."

"ಯಾವ ಸೊಪ್ಪು ತುಳ್ದೋ ಏನ್ಲಾ? ಬದಿನ ಮ್ಯಾಲೆ ಕುಡಿ ಚಿವುಟ್ತಾ ಇದ್ದೀವಿ. ಒಂದು ಬೇರೂ ಕಿತ್ತಿಲ್ಲ."

"ಸೊಪ್ಪು ಅಂದ್ರೆ ಒಗೆಸೊಪ್ಪು. ನೀವು ಕೀಳಾದೆಲ್ಲ ಬರೀ ಕಳೆ."

ಹುಣಸೂರು ಸೀಮೆಯಲ್ಲಿ ಸೊಪ್ಪು ಎಂದರೆ ಹೊಗೆಸೊಪ್ಪು ಎನ್ನುವುದು ನನಗೂ ಗೊತ್ತು. ಮೂವತ್ತು ವರ್ಷ ಕೂಲಿಗೆ ಕೂತು ಅದನ್ನು ಒಣಗಿಸಲು ಕಡ್ಡಿಗೆ ಕಟ್ಟಿದವಳೇ ನಾನು. ಆದರೆ ಕಳೆ ಎಂದನಲ್ಲ, ಅದು ಎದೆಗೆ ನಾಟಿತು. ಆ ಕಳೆ ತಿಂದೇ ನಾನು ಮೂರು ಮಕ್ಕಳನ್ನು ಹೆತ್ತು ಸಾಕಿದ್ದೇನೆ.

"ನಿನ್ನ ಸೊಪ್ಪ ದನಾನೂ ಮೂಸಲ್ಲ, ಓಗ್ಲಾ!" ಎಂದುಬಿಟ್ಟೆ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆ ಸಿಟ್ಟಿಗೇ ಈಗ ಬಟ್ಟೆ ಕಟ್ಟಿದ್ದಾನೆ ಎಂದು ನನಗೆ ಅನುಮಾನ.

ರಾಣಿ ಬೇಡವೆಂದರೂ ಹೋಗಿ ನೋಡಿದೆ. ಬಟ್ಟೆ ಕಟ್ಟಿ ಆಗಲೇ ನಾಲ್ಕು ದಿನವಾಯಿತೆಂದು ಪಕ್ಕದ ಹೊಲದವರು ಹೇಳಿದರು. ಎಣ್ಣೆ ಬಿದ್ದಿದ್ದರೆ ಗರಿಕೆಯಾದರೂ ಹಳದಿಗೆ ತಿರುಗಬೇಕಿತ್ತು. ಅಣ್ಣೆ ಸೊಪ್ಪು ಹೊಸ ಕುಡಿ ಬಿಟ್ಟುಕೊಂಡು ನಿಂತಿತ್ತು. ಎಣ್ಣೆ ಹೊಡೆದರೆ ಪಕ್ಕದ ಹೊಗೆಸೊಪ್ಪೂ ಸುಟ್ಟೀತೆಂದು ಹೆದರಿ ಭಂಡ ಬರೀ ಬಟ್ಟೆ ಕಟ್ಟಿದ್ದ! ಸೊಪ್ಪು ಹಾಳಾಗಲಿ, ಈ ಸುಳ್ಳನ್ನು ಬಿಡಬಾರದು ಅನ್ನಿಸಿತು. ಆ ಬಟ್ಟೆಯನ್ನು ನಂಬಿಯೇ ನಾವು ಮಕ್ಕಳನ್ನು ಹೊಲದ ಕಡೆ ಬಿಡುವುದು. ಒಬ್ಬ ಸುಳ್ಳು ಕಟ್ಟಿದರೆ ನಾಳೆ ನಿಜವಾಗಿ ಕಟ್ಟಿದ್ದನ್ನೂ ಯಾರೂ ನಂಬುವುದಿಲ್ಲ, ಯಾರ ಮನೆಯಲ್ಲೋ ಹೆಣ ಬೀಳುತ್ತದೆ.

ಮಡಿಲು ತುಂಬ ಚಿವುಟಿ ತಂದು ಸಾರು ಮಾಡಿದೆ. ಮಧ್ಯಾಹ್ನ ಸಾರಿನ ಪಾತ್ರೆ, ಮುದ್ದೆ, ತಟ್ಟೆ ಹಿಡಿದು ನಿಂಗರಾಜನ ಜಗುಲಿಯ ಮೇಲೆಯೇ ಹೋಗಿ ಕೂತೆ. ಬೀದಿಯ ಹೆಂಗಸರೆಲ್ಲ ಹಿಂದೆಯೇ ಬಂದರು. ಗದ್ದಲ ಕೇಳಿ ಅವನು ಹೊರಗೆ ಬಂದ.

"ನಿನ್ನ ಬದಿನ ಸೊಪ್ಪೇ ಕಣ್ಲಾ. ಎಣ್ಣೆ ಒಡ್ದಿರಾದು ನಿಜಾನಾ?"

"ನಿಜ ಕಣಕ್ಕ. ಬ್ಯಾಡ ಬುಡು." ಅವನು ನೆಲ ನೋಡುತ್ತಿದ್ದ.

"ಅಂಗಾದ್ರೆ ನಾ ಸತ್ರೆ ನೀನೇ ಮಣ್ಣು ಮಾಡು," ಎಂದು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಸುಳ್ಳು ಯಾಕೆ ಹೇಳಲಿ, ಒಳಗೇ ಅನುಮಾನವೂ ಇತ್ತು. ಎಣ್ಣೆಯನ್ನು ಇವತ್ತು ಬೆಳಿಗ್ಗೆಯೇ ಹೊಡೆದಿದ್ದರೆ?

ಅಷ್ಟರಲ್ಲಿ ಅವನ ತಾಯಿ ಚಿಕ್ಕಸಿದ್ದಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಒಂದು ಹಲ್ಲೂ ಇಲ್ಲದ ಮುದುಕಿ.

"ಬೆರ್ಕೆ ಸೊಪ್ಪಾ? ನಂಗೂ ವಸಿ ಇಕ್ಕವ್ವ," ಎಂದು ನನ್ನ ಪಕ್ಕ ಕೂತಳು.

ತಟ್ಟೆಯನ್ನು ಅವಳ ಕಡೆ ತಳ್ಳಿ ನಿಂಗರಾಜನ ಮುಖವನ್ನೇ ನೋಡಿದೆ. ಮುದುಕಿ ತುತ್ತು ಎತ್ತಿದಳು, ಬಾಯಿಗಿಟ್ಟಳು. ಅವನು ತಡೆಯಲಿಲ್ಲ.

"ಏನ್ಲಾ," ನಮ್ಮ ಬೀದಿಯ ಕುಳ್ಳಮ್ಮ ಅರಚಿದಳು, "ಎತ್ತವ್ವಂಗೆ ವಿಸ ಉಣ್ಣುಸ್ತಾ ಇದ್ದೀಯೋ, ಇಲ್ಲ ಊರ್ಗೆಲ್ಲ ಸುಳ್ಳು ಏಳ್ದ್ಯೋ? ಎರಡ್ರಾಗೆ ಒಂದ ಒಪ್ಕೊ."

"ಒಡ್ದಿಲ್ಲ," ಎಂದ, ಗಂಟಲೊಳಗೇ. ಮರುಗಳಿಗೆಯೇ ರೋಷ ಉಕ್ಕಿತು. "ನಾಳೆ ಬೆಳಿಗ್ಗೆ ಒಡ್ದೇ ಒಡೀತೀನಿ. ನನ್ನ ಬದು, ನನ್ನಿಷ್ಟ!"

"ಒಡಿ. ನಾವೂ ಅಲ್ಲೇ ಕುಂತಿರ್ತೀವಿ. ನಮ್ ಮ್ಯಾಲೇ ಒಡಿ," ಎಂದೆ.

ಮಾರನೆಯ ದಿನ ಬೆಳಕು ಹರಿಯುತ್ತಲೇ ನಾವೆಲ್ಲ ಹೊರಟೆವು. ನಿಂಗರಾಜನೂ ಬೆನ್ನಿಗೆ ಎಣ್ಣೆ ಟ್ಯಾಂಕ್ ಕಟ್ಟಿಕೊಂಡು ಆ ಕಡೆಯಿಂದ ಬಂದ. ಹೊಲದ ಹತ್ತಿರ ಬಂದವನು ಗಕ್ಕನೆ ನಿಂತ. ನಮಗೆಲ್ಲರಿಗಿಂತ ಮೊದಲೇ ಯಾವ ಮಾಯದಲ್ಲೋ ಕೋಲೂರಿಕೊಂಡು ಬಂದಿದ್ದ ಚಿಕ್ಕಸಿದ್ದಮ್ಮ ಬದುವಿನ ನಟ್ಟನಡುವೆ ಕಾಲು ಚಾಚಿ ಕೂತಿದ್ದಳು.

"ಬಾ ಮಗ," ಎಂದಳು. "ನನ್ನಿಂದ್ಲೇ ಸುರು ಮಾಡು."

ನಿಂಗರಾಜ ಅಲ್ಲೇ ಟ್ಯಾಂಕ್ ಇಳಿಸಿದ.