ಹೇಳಬಾರದ ಎರಡು ಹೆಸರು

ನಮ್ಮ ಮನೆಯಲ್ಲಿ ನಾನು ಹೇಳಬಾರದ ಹೆಸರು ಎರಡಿದ್ದವು. ಒಂದು ನನ್ನ ಗಂಡನದು. ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದಂತೆ. ಅದು ನಮ್ಮ ರಾಯಲ್ಪಾಡಿನ ಹೆಂಗಸರಿಗೆಲ್ಲ ಇದ್ದದ್ದೇ, ಯಜಮಾನರು ಎಂದರೆ ಮುಗಿಯಿತು. ಇನ್ನೊಂದು, ನಮ್ಮ ಅತ್ತೆ ಮುತ್ಯಾಲಮ್ಮನವರ ಕಾಯಿಲೆಯದು.

ಅದು ನಲವತ್ತೊಂದನೇ ಇಸವಿ. ಎದೆಯಲ್ಲಿ ಗಂಟು ಎದ್ದು ವರ್ಷವಾದರೂ ಅತ್ತೆ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಅದು ಒಡೆದು ಹುಣ್ಣಾದ ಮೇಲೆ ಕೋಲಾರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಯಜಮಾನರನ್ನು ಪಕ್ಕಕ್ಕೆ ಕರೆದು, ಇದು ಕ್ಯಾನ್ಸರು, ತಡವಾಗಿ ಬಂದಿದ್ದೀರಿ ಎಂದರು. ಅಮ್ಮನ ಮುಂದೆ ಆ ಹೆಸರು ಎತ್ತಬೇಡ ಎಂದು ಯಜಮಾನರು ಬಸ್ಸಿನಲ್ಲೇ ನನ್ನ ಕಿವಿಯಲ್ಲಿ ತಾಕೀತು ಮಾಡಿದರು.

ಹೆಸರು ಎತ್ತಬಾರದೆಂದು ಹೊರಟವರು ಮಾತನ್ನೇ ಬಿಟ್ಟೆವು. ಅತ್ತೆ ಏನಾದರೂ ಕೇಳಿಬಿಟ್ಟಾರೆಂದು ಮುದ್ದೆಯ ತಟ್ಟೆ ಇಟ್ಟವಳೇ ಈಚೆಗೆ ಬರುತ್ತಿದ್ದೆ. ಅಂಟುತ್ತದೇನೋ ಎಂದು ತಟ್ಟೆಯನ್ನೂ ಬೇರೆ ಮಾಡಿದೆ. ಹತ್ತು ವರ್ಷ ರಾಗಿಕಲ್ಲಿನ ಆಚೆಗೊಬ್ಬರು ಈಚೆಗೊಬ್ಬರು ಕೂತು, ಒಂದೇ ಗೂಟ ಹಿಡಿದು ಬೀಸಿದವರು ನಾವು. ನಮ್ಮ ಕಷ್ಟಸುಖವೆಲ್ಲ ಆ ಕಲ್ಲಿನ ಮುಂದೆಯೇ ಹೇಳಿಕೊಂಡದ್ದು. ಈಗ ಅವರು ಎದ್ದು ಬಂದರೆ, ನೀವು ಮಲಗಿ ಅತ್ತೆ ಎಂದು ವಾಪಸು ಕಳಿಸುತ್ತಿದ್ದೆ. ಬಾಯಲ್ಲಿ ಉಪಚಾರ, ಒಳಗೆ ಭಯ. ನಾಲ್ಕು ತಿಂಗಳು ಹೀಗೇ ಹೋಯಿತು.

ಹುಣ್ಣಿಗೆ ಕಟ್ಟು ಕಟ್ಟಲು ಶ್ರೀನಿವಾಸಪುರದಿಂದ ನರ್ಸು ಶಾಮಲಮ್ಮ ಬರುತ್ತಿದ್ದರು. ಒಂದು ದಿನ ಅವರು ಹೊರಗೆ ಬಂದು ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿಕೊಂಡರು.

"ನಿಮ್ಮತ್ತೆ ಇವತ್ತು ನನ್ನ ಕೇಳಿದ್ರು. ಮಗ ಸೊಸೆಗೆ ನಾನೇನು ತಪ್ಪು ಮಾಡ್ದೆ, ಯಾಕೆ ಮಾತು ಬಿಟ್ಟವ್ರೆ ಅಂತ."

ಯಜಮಾನರು ತಲೆ ತಗ್ಗಿಸಿದರು. "ಗೊತ್ತಾದ್ರೆ ಅಮ್ಮ ಧೈರ್ಯಗೆಡ್ತಾಳೆ," ಎಂದರು.

"ಅವರಿಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಮೈ ಅವರದು. ಹೇಳ್ಕೊಳ್ಳೋಕೆ ಜನ ಇಲ್ಲ, ಅಷ್ಟೇ. ಇನ್ನು ಅಂಟೋ ಮಾತು, ತಟ್ಟೆ ಬೇರೆ ಇಟ್ಟಿರೋದು ನೋಡ್ದೆ. ವರ್ಷಗಟ್ಟಲೆ ಇಂಥವರ ಕಟ್ಟು ಬಿಚ್ಚಿದೋಳು ನಾನು. ನನಗೆ ಅಂಟ್ತಾ?"

ಮಾರನೆಯ ಬೆಳಿಗ್ಗೆ ಅತ್ತೆಯನ್ನು ಕೈಹಿಡಿದು ತಂದು ಕಲ್ಲಿನ ಆಚೆ ಕಡೆ ಕೂರಿಸಿದೆ. ಬಲಗೈ ಮೇಲೇಳುತ್ತಿರಲಿಲ್ಲ. ಎಡಗೈಯಲ್ಲಿ ಹಿಡಿ ಹಿಡಿ ರಾಗಿ ಹಾಕಿದರು, ನಾನು ಬೀಸಿದೆ. ಸ್ವಲ್ಪ ಹೊತ್ತಿಗೆ ಅವರೇ ಬಾಯಿಬಿಟ್ಟರು.

"ನನ್ನ ಕಂಡ್ರೆ ನಿನಗೆ ಅಸಹ್ಯ ಆಯ್ತಾ, ಕದಿರಮ್ಮ?"

ನನ್ನ ಕೈ ನಿಂತಿತು. ಅಸಹ್ಯ ಅಲ್ಲ ಅತ್ತೆ, ಭಯ ಎಂದೆ. ಕಾಯಿಲೆಯ ಹೆಸರನ್ನೂ ಹೇಳಿದೆ. ಅವರು ಬೆಚ್ಚಲಿಲ್ಲ. ಒಬ್ಬಳೇ ಹೆದರಿ ಹೆದರಿ ಸಾಕಾಗಿತ್ತು ಎಂದು ಅತ್ತರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಯಜಮಾನರು ಒಳಗೆ ಬಂದು ಅವರ ಪಕ್ಕ ಕೂತರು. ಅಂದು ತಾಯಿ ಮಗ ಒಂದೇ ತಟ್ಟೆಯಲ್ಲಿ ಉಂಡರು.

ಆಮೇಲೆ ಅತ್ತೆ ಇದ್ದದ್ದು ಇಪ್ಪತ್ತೇ ದಿನ. ದಿನವೂ ಮಾತಾಡಿದೆವು. ಆದರೆ ಆ ನಾಲ್ಕು ತಿಂಗಳಿಗೆ ನಾನು ಯಾರ ಹತ್ತಿರ ತಪ್ಪಾಯಿತು ಎನ್ನಲಿ?

ಅಕ್ಕತಂಗಿಯರೇ, ಮೈಯಲ್ಲಿ ಗಂಟು ಕಂಡರೆ ನಾಚದೆ ಬೇಗ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಈ ಕಾಯಿಲೆಯವರಿದ್ದರೆ ತಟ್ಟೆ ಬೇರೆ ಮಾಡಬೇಡಿ, ಇದು ಅಂಟುವುದಿಲ್ಲ. ಎದುರಿಗೆ ಕೂತು, ನಿಮಗೆ ಏನು ಹೆದರಿಕೆ ಎಂದು ಕೇಳಿ. ಹೆಸರು ಹೇಳಿದರೆ ಯಾರ ಆಯುಸ್ಸೂ ಕಡಿಮೆಯಾಗುವುದಿಲ್ಲ. ನನ್ನ ಗಂಡನ ಹೆಸರು ಗಂಗುಲಪ್ಪ. ನೋಡಿ, ಹೇಳಿಬಿಟ್ಟೆ, ಅವರು ಹೊಲದಲ್ಲಿ ಗಟ್ಟಿಮುಟ್ಟಾಗಿ ಉಳುತ್ತಿದ್ದಾರೆ. ನಮ್ಮ ಅತ್ತೆಯ ಕಾಯಿಲೆಯ ಹೆಸರು ಕ್ಯಾನ್ಸರು. ಅದನ್ನು ನಾನು ನಾಲ್ಕು ತಿಂಗಳು ಮುಂಚೆ ಹೇಳಬೇಕಿತ್ತು.