ಮತ್ತ ಕಟ್ಟಿದ ಗ್ವಾದ್ಲಿ

ಶಿರೋಳದಾಗಿನ ನಮ್ಮ ಹಳೇ ವಾಡೇನ ಮೊದಲಿನಂಗ ಮಾಡಿ ಉಳಸ್ತೀವಿ ಅಂತ ಎಂಜಿನಿಯರ್ ಮಧುಮತಿಯವರು ಬಂದ್ರು. ನಾ ಹಾಕಿಸಿದ್ದ ಟೈಲ್ಸ್ ಕಿತ್ತಿಸಿದ್ರು. ತಲಬಾಗಲಾ ದಾಟಿದ ಕೂಡಲೇ ದನದ ಜಾಗಾ, ಅದರ ಮಗ್ಗಲಕ ಎತ್ತರದಾಗ ಮಂದಿ ಕೂಡ್ರೋ ಪಡಸಾಲಿ, ಒಕ್ಕಲುತನದ ಮನಿ ಅಂದ್ರ ಹಿಂಗ ಅಂತ ಆ ಮನ್ಯಾಗ ಹುಟ್ಟಿದ ನನಗೇ ಪಾಠ ಹೇಳಿದ್ರು. ದನಕ್ಕ ಮೇವು ಹಾಕೋ ಗ್ವಾದ್ಲಿ ಮತ್ತ ಕಟ್ಟಿಸಿ, ನೆಲಾ ಸಗಣಿಲೇ ಸಾರಿಸಿದ್ರು.

ಭಾಳ ಚಲೋ ಆಗಿತ್ತು. ಸಂಜಿಮುಂದ ಹಿತ್ತಲದ ತಗಡಿನ ಶೆಡ್ಡಿನ್ಯಾಗಿನ ಎತ್ತು ಬಿಚ್ಚಿ ಹೊಡಕೊಂಡ ಬಂದ್ನಿ.

ಅವರು ಬಾಗಲದಾಗ ಅಡ್ಡ ನಿಂತ್ರು.

"ಎತ್ತು ಬ್ಯಾಡ್ರಿ ಮುದಿಯಪ್ಪಾರ. ಗ್ವಾದ್ಲಿ ಹೊಲಸಾಗ್ತದ."

ಎತ್ತು ನನ್ನ ಮಾರಿ ನೋಡ್ತು. ನನಗೂ ಏನೂ ತಿಳೀಲಿಲ್ಲ.

"ಹಂಗಾದ್ರ ನಾನರ ಬರಬಹುದೇನ್ರಿ ಬಾಯಾರ?"

ಅವರು ನನ್ನ ಕಾಲಿನ ರಾಡಿ ನೋಡಿ ವಿಚಾರ ಮಾಡಾಕ ಹತ್ತಿದ್ರು.