ಪಟ್ಟಿಯಲ್ಲಿದ್ದ ಸಾರಾ

ಪಟ್ಟಿ ಮಾಡಿದವನು ನಾನು. ನಾಜಿಗಳ ಕಾಲದಲ್ಲಿ ಜರ್ಮನಿಯ ಈ ನಮ್ಮ ವಿಶ್ವವಿದ್ಯಾಲಯ ಹೊರಹಾಕಿದ, ಆಮೇಲೆ ಶಿಬಿರಗಳಲ್ಲಿ ಸತ್ತ ಇಪ್ಪತ್ತಮೂರು ಯಹೂದಿಗಳ ಹೆಸರನ್ನು ಈ ನವೆಂಬರಿನಲ್ಲಿ ಮೊದಲ ಸಲ ಸಭಾಂಗಣದಲ್ಲಿ ಓದುವುದೆಂದು ತೀರ್ಮಾನವಾಗಿತ್ತು. ನಾನು ದಾಖಲೆ ಕೋಣೆಯಲ್ಲಿ ಅರೆಕಾಲಿಕ ಸಹಾಯಕ. ಹಳೆಯ ಪೊಲೀಸ್ ರಿಜಿಸ್ಟರು ತೆರೆದು ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿಕೊಟ್ಟೆ.

ಸೋಮವಾರ ಪುಸ್ತಿಕೆ ಅಚ್ಚಾಗಿ ಬಂತು. ಜೊತೆಗೆ ಕೆಲಸ ಮಾಡುವ ಫ್ರೌಕೆ ಪುಟ ತಿರುವಿದಳು.

"ಏನಯ್ಯಾ ಯೋಸ್ಟ್, ಒಂಬತ್ತು ಹೆಂಗಸರು, ಒಂಬತ್ತು ಜನರ ಹೆಸರಿನ ನಡುವೆಯೂ ಸಾರಾ. ಗಂಡಸರಿಗೆಲ್ಲ ಇಸ್ರೇಲ್. ವಿಚಿತ್ರ ಅನ್ನಿಸ್ಲಿಲ್ವಾ?"

"ರಿಜಿಸ್ಟರಲ್ಲಿ ಹಾಗೇ ಇದೆ ಕಣೆ."

"ಇರದೆ ಏನು. ಯಹೂದಿ ಅಂತ ಗುರುತು ಸಿಗ್ಲಿ ಅಂತ ನಾಜಿಗಳು ಕಾನೂನು ಮಾಡಿ ಅಂಟಿಸಿದ ಹೆಸರು ಅದು. ಅಪ್ಪ ಅಮ್ಮ ಇಟ್ಟಿದ್ದಲ್ಲ. ಇತಿಹಾಸದಲ್ಲಿ ಎಂ.ಎ. ಮಾಡ್ತಿದೀನಿ ಅಂತ ಯಾರ ಹತ್ರನೂ ಹೇಳ್ಕೋಬೇಡ."

ಆ ಕಾನೂನು ನನಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯಲ್ಲಿ ಅದರ ಬಗ್ಗೆ ಎರಡು ಪುಟ ಬರೆದಿದ್ದೆ.

ಪ್ರೊಫೆಸರ್ ವೆನ್ಸ್‌ಲಾಫ್ ಅವರ ಕೋಣೆಯ ಬಾಗಿಲವರೆಗೂ ಹೋದೆ. ನನಗೆ ಸಂಶೋಧನಾ ವೇತನ ಸಿಗಲು ಶಿಫಾರಸು ಬರೆಯಬೇಕಾದವರು ಅವರೇ. ಪುಸ್ತಿಕೆಯ ಮುನ್ನುಡಿಯಲ್ಲಿ ನನ್ನನ್ನು ಹೆಸರು ಹಿಡಿದು ಹೊಗಳಿದ್ದರು. ಬಾಗಿಲು ತಟ್ಟದೆ ಹಿಂದಿರುಗಿದೆ.

ಗುರುವಾರ ಸಭಾಂಗಣ ತುಂಬಿತ್ತು. ಎಲ್ಲರ ಕೈಯಲ್ಲೂ ಪುಸ್ತಿಕೆ. ಹೆಸರು ಓದುವ ಕೆಲಸವೂ ನನ್ನದೇ. ಸಾರಾ, ಇಸ್ರೇಲ್ ಬಿಟ್ಟು ಓದಿದರೆ ತಪ್ಪು ಎದ್ದು ಕಾಣುತ್ತದೆ ಎಂದುಕೊಂಡು ಅಚ್ಚಾದಂತೆಯೇ ಓದಿದೆ. "ಹೆರ್ಟಾ ಸಾರಾ ಲಿಲಿಯೆನ್‌ಫೆಲ್ಡ್" ಎಂದಾಗ ಮುಂದಿನ ಸಾಲಿನ ಮುದುಕಿ ಪುಸ್ತಿಕೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಇಸ್ರೇಲ್ ದೇಶದ ಹೈಫಾದಿಂದ ಬಂದಿದ್ದ ನವೋಮಿ ಲೀಬ್‌ಮನ್. ಹೆರ್ಟಾ ಅವರ ಚಿಕ್ಕಮ್ಮ. ಕರೆಸಿದ್ದು ನಾವೇ.

ಒಂದು ನಿಮಿಷದ ಮೌನ ಮುಗಿದು ಜನ ಕಾಫಿಗೆಂದು ಹೊರಗೆ ಹೋದರು. ಆಕೆ ನನ್ನ ಹತ್ತಿರ ಬಂದರು.

"ನಮ್ಮ ಚಿಕ್ಕಮ್ಮ ಬರೀ ಹೆರ್ಟಾ. ಆ ಇನ್ನೊಂದು ಹೆಸರು ಬರೆಸಿದ್ದು ಪೊಲೀಸಿನವರು."

"ಕ್ಷಮಿಸಿ ಮೇಡಂ. ಓದ್ತಾ ಓದ್ತಾ ಗೊತ್ತಾಯ್ತು."

ಕುರ್ಚಿ ಮಡಚುತ್ತಿದ್ದ ಫ್ರೌಕೆ ತಲೆಯೆತ್ತಿ ನನ್ನನ್ನೇ ನೋಡಿದಳು. ಮುದುಕಿ ಅದನ್ನು ಗಮನಿಸಿದರು.

"ಇಲ್ಲ," ಎಂದೆ. "ಸೋಮವಾರವೇ ಗೊತ್ತಿತ್ತು."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಹಾಗಾದ್ರೆ ಮತ್ತೆ ಓದಪ್ಪ. ಮೊದಲಿಂದ."

"ಜನ ಎಲ್ಲಾ ಹೋಗ್ಬಿಟ್ರಲ್ಲ."

"ನಾನಿದೀನಿ."

ಆಕೆ ಮತ್ತೆ ಅದೇ ಕುರ್ಚಿಯಲ್ಲಿ ಕುಳಿತರು. ಮೈಕ್ ತೆಗೆದುಬಿಟ್ಟಿದ್ದರು. ವೆನ್ಸ್‌ಲಾಫ್ ಕೈಯಲ್ಲಿ ಕಾಫಿ ಹಿಡಿದು ಬಾಗಿಲಲ್ಲಿ ಇಣುಕಿ, ನಾನು ವೇದಿಕೆ ಹತ್ತುವುದನ್ನು ಕಂಡು ಹುಬ್ಬು ಗಂಟಿಕ್ಕಿದರು. ಅಂಟಿಸಿದ ಹೆಸರುಗಳನ್ನು ಪೆನ್ನಿನಿಂದ ಹೊಡೆದುಹಾಕಲೂ ವ್ಯವಧಾನವಿಲ್ಲದೆ ಶುರುಮಾಡಿದೆ. ಆರು ಹೆಸರು ಸರಿಯಾಗಿ ಬಂದವು. ಏಳನೆಯದು ಹೆರ್ಟಾ. ಬಾಯಿಗೆ ಅಷ್ಟರಲ್ಲಾಗಲೇ ರೂಢಿಯಾಗಿತ್ತು. "ಸಾ" ಎಂದುಬಿಟ್ಟೆ.

ಆಕೆ ಕಾಯುತ್ತಾ ಕುಳಿತರು. ನಾನು ಆ ಹೆಸರನ್ನು ಮತ್ತೆ ಮೊದಲಿನಿಂದ ಓದಿದೆ.